ಲಕ್ಷದ್ವೀಪದ ಟ್ಯೂನಾ, ತೆಂಗು ಮತ್ತು ಐಸ್‌ನ ಲೆಕ್ಕ

2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇಇಝಡ್ ಮೀನುಗಾರಿಕೆಗೆ, ಅಂದರೆ 200 ನಾಟಿಕಲ್ ಮೈಲಿವರೆಗಿನ ನಮ್ಮ ಹಕ್ಕಿನ ಕಡಲಿಗೆ, ಹೊಸ ನಿಯಮಗಳನ್ನು ಪ್ರಕಟಿಸಿತು. ಯಾಂತ್ರೀಕೃತ ದೋಣಿಗಳಿಗೆ ಆನ್‌ಲೈನ್ ಪಾಸ್ ಬೇಕು. ಸಹಕಾರ ಸಂಘಗಳಿಗೂ ಮೀನುಗಾರ ಉತ್ಪಾದಕ ಸಂಸ್ಥೆಗಳಿಗೂ ಆದ್ಯತೆ ಸಿಗುತ್ತದೆ. ಎಲ್‌ಇಡಿ ಬೆಳಕಿನ ಮೀನುಗಾರಿಕೆ, ಎರಡು ದೋಣಿಗಳು ಸೇರಿ ಒಂದೇ ಬಲೆ ಎಳೆಯುವ ಜೋಡಿ ಟ್ರಾಲಿಂಗ್ ನಿಷಿದ್ಧ. ಸಣ್ಣ ದೋಣಿಗಳು ಹಿಡಿದ ಮೀನನ್ನು ನಡುಗಡಲಲ್ಲೇ ದೊಡ್ಡ ಹಡಗಿಗೆ ದಾಟಿಸುವ ‘ತಾಯಿ ಹಡಗು’ ವ್ಯವಸ್ಥೆಗೂ ಅವಕಾಶವಿದೆ. ಅಂಡಮಾನ್–ನಿಕೋಬಾರ್ ಮತ್ತು ಲಕ್ಷದ್ವೀಪದ ಸುತ್ತಲಿನ ಕಡಲೇ ದೇಶದ ಇಇಝಡ್‌ನ ಶೇ 49ರಷ್ಟು ಇರುವುದರಿಂದ ನಿಯಮದ ಕಣ್ಣು ಮುಖ್ಯವಾಗಿ ಈ ಎರಡು ದ್ವೀಪಸಮೂಹಗಳ ಮೇಲಿದೆ.

ಲಕ್ಷದ್ವೀಪದ ವಿಷಯ ಬಂದಾಗಲೆಲ್ಲ ಒಂದು ಅಂಕಿ ಎದುರಾಗುತ್ತದೆ: ಇಲ್ಲಿ ವರ್ಷಕ್ಕೆ 1 ಲಕ್ಷ ಟನ್ ಮೀನು ಹಿಡಿಯಬಹುದು, ಈಗ ಹಿಡಿಯುತ್ತಿರುವುದು ಅದರ ಸಣ್ಣ ಪಾಲು. ಅಲ್ಲಿಂದ ಮುಂದಿನ ಮಾತು ತಾನಾಗಿಯೇ ‘ದೊಡ್ಡ ದೋಣಿ ಕೊಡಿ, ಹೆಚ್ಚು ಹಿಡಿಯಲಿ’ ಎಂಬಲ್ಲಿಗೆ ಹೋಗುತ್ತದೆ. ಮೀನು ಕಡಲಲ್ಲಿದೆ ಎಂಬುದು ನಿಜ. ಆದರೆ ದ್ವೀಪದ ಮನೆಯ ಆದಾಯ ನಿಂತುಹೋಗುತ್ತಿರುವುದು ಕಡಲಲ್ಲಲ್ಲ. ಮೀನು ದೋಣಿಯ ಹಲಗೆಗೆ ಬಿದ್ದ ಕ್ಷಣದಿಂದ ಮುಖ್ಯಭೂಮಿಯ ಖರೀದಿದಾರನ ಕೈ ಸೇರುವವರೆಗಿನ ಗಂಟೆ, ದಿನ, ವಾರಗಳಲ್ಲಿ ಅದು ಸೋರಿಹೋಗುತ್ತಿದೆ. ತೆಂಗಿನ ಕಥೆಯೂ ಬೇರೆಯಲ್ಲ.

ನೆಲದ ಲೆಕ್ಕ ಮೊದಲು ನೋಡೋಣ. ಲಕ್ಷದ್ವೀಪದ ಒಟ್ಟು ಭೂಮಿ 32 ಚದರ ಕಿಲೋಮೀಟರ್, ಜನವಸತಿ ಇರುವ ದ್ವೀಪಗಳು 10. 2011ರ ಜನಗಣತಿಯಲ್ಲಿ ಜನಸಂಖ್ಯೆ 64,473. ಹವಳದಿಬ್ಬಗಳ ಒಳಗಿನ ತಿಳಿನೀರು, ಅಂದರೆ ಲಗೂನ್, ಸುಮಾರು 4,200 ಚದರ ಕಿಲೋಮೀಟರ್. ಇಇಝಡ್ 4 ಲಕ್ಷ ಚದರ ಕಿಲೋಮೀಟರ್. ಭತ್ತ ಬೆಳೆಯುವ ಗದ್ದೆಯಿಲ್ಲ, ಹೊಳೆಯಿಲ್ಲ. ತೆಂಗು ಮತ್ತು ಟ್ಯೂನಾ ಎರಡೇ ಆಧಾರ. ಅಕ್ಕಿ, ತರಕಾರಿ, ಸಿಮೆಂಟು, ಡೀಸೆಲ್ ಎಲ್ಲವೂ ಹಡಗಿನಲ್ಲೇ ಬರಬೇಕು.

ಆರು ಗಂಟೆಯ ಗಡುವು

ಇಲ್ಲಿನ ಮೀನುಗಾರಿಕೆಯ ಬೆನ್ನೆಲುಬು ಕೋಲು-ಗಾಳ. ಮಿನಿಕಾಯ್ ದ್ವೀಪದಲ್ಲಿ ತಲೆಮಾರುಗಳಿಂದ ನಡೆದುಬಂದ ಈ ಪದ್ಧತಿಯನ್ನು 1960ರ ದಶಕದಿಂದೀಚೆಗೆ ಮೀನುಗಾರಿಕಾ ಇಲಾಖೆ ಉಳಿದ ದ್ವೀಪಗಳಿಗೂ ಹಬ್ಬಿಸಿತು. ಬೆಳಗಿನ ಜಾವ ಲಗೂನ್‌ನಲ್ಲಿ ಬಲೆ ಹಾಸಿ ಸಣ್ಣ ಎರೆಮೀನನ್ನು ಜೀವಂತ ಹಿಡಿದು ದೋಣಿಯ ತೊಟ್ಟಿಗೆ ತುಂಬಿಕೊಳ್ಳುತ್ತಾರೆ. ಟ್ಯೂನಾ ಗುಂಪು ಕಂಡ ಕೂಡಲೇ ಹಿಡಿಹಿಡಿ ಎರೆ ಎರಚುತ್ತಾರೆ, ಜೊತೆಗೆ ನೀರು ಚಿಮುಕಿಸುತ್ತಾರೆ. ಮೇಲ್ಮೈ ಕದಡಿದಂತಾಗಿ ಮೀನಿಗೆ ದೋಣಿಯೂ ಕಾಣದು, ಗಾಳವೂ ಕಾಣದು. ಮೂರು-ನಾಲ್ಕು ಮೀಟರ್ ಉದ್ದದ ಬಿದಿರು ಕೋಲಿಗೆ ಕಟ್ಟಿದ, ಮುಳ್ಳಿಲ್ಲದ ಗಾಳವನ್ನು ಮೀನು ಕಚ್ಚಿದೊಡನೆ ಒಂದೇ ಬೀಸಿಗೆ ಎತ್ತಿ ಹಿಂದಕ್ಕೆ ಎಸೆಯುತ್ತಾರೆ. ಗಾಳಕ್ಕೆ ಮುಳ್ಳಿಲ್ಲದ್ದರಿಂದ ದಾರ ಸಡಿಲವಾದ ತಕ್ಷಣ ಮೀನು ತಾನೇ ಕಳಚಿಕೊಳ್ಳುತ್ತದೆ, ಕೋಲು ಮತ್ತೆ ನೀರಿಗೆ ಹೋಗುತ್ತದೆ. ಬಲೆಗೆ ಆಮೆ, ಡಾಲ್ಫಿನ್, ಮರಿ ಶಾರ್ಕ್ ಸಿಕ್ಕಿಬೀಳುವ ತೊಂದರೆ ಇಲ್ಲಿಲ್ಲ. ಲಕ್ಷದ್ವೀಪದ ಟ್ಯೂನಾಕ್ಕೆ ಒಳ್ಳೆಯ ಮಾರುಕಟ್ಟೆಯಲ್ಲಿ ಹೆಚ್ಚಿನ ಬೆಲೆ ಕೇಳುವ ಹಕ್ಕು ಬಂದಿರುವುದೇ ಇದರಿಂದ.

ಹೀಗೆ ಸಿಗುವುದರಲ್ಲಿ ಬಹುಪಾಲು ಟ್ಯೂನಾದ ಒಂದು ಬಗೆಯಾದ ಸ್ಕಿಪ್‌ಜ್ಯಾಕ್, ನಮ್ಮ ಕರಾವಳಿಯವರು ಕೇದರ ಎನ್ನುವ ಬಳಗದ ಮೀನು. ಇದರ ಮೈ ಬಿಸಿ. ಗಾಳಕ್ಕೆ ಸಿಕ್ಕಿ ಒದ್ದಾಡುವಾಗ ಸ್ನಾಯುವಿನ ಶಾಖ ಸಮುದ್ರದ ನೀರಿಗಿಂತ ಹಲವು ಡಿಗ್ರಿ ಏರುತ್ತದೆ. ಇದರ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲ ಹೇರಳ. ಮೀನು ಬೆಚ್ಚಗೇ ಉಳಿದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡಿಬಿಡುತ್ತದೆ. ತಿಂದವರಿಗೆ ಮುಖ ಕೆಂಪೇರುವುದು, ತುರಿಕೆ, ತಲೆನೋವು, ವಾಂತಿ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಬೇಯಿಸಿದರೂ ಹೊಗೆ ಹಾಕಿದರೂ ಡಬ್ಬಿಯಲ್ಲಿ ಕುದಿಸಿದರೂ ಹೋಗುವುದಿಲ್ಲ. ದಡಕ್ಕೆ ಬಂದ ಮೇಲೆ ಎಷ್ಟೇ ಒಳ್ಳೆಯ ಕಾರ್ಖಾನೆ ಕಟ್ಟಿದರೂ ಪ್ರಯೋಜನವಿಲ್ಲ ಎನ್ನುವುದು ಇದಕ್ಕೇ. ಯುರೋಪಿಗೆ ಹೋಗುವ ಒಂದು ಲಾಟ್‌ನಿಂದ 9 ಮಾದರಿ ತೆಗೆದು ಪರೀಕ್ಷಿಸುತ್ತಾರೆ. ಸರಾಸರಿ ಕಿಲೊಗೆ 100 ಮಿಲಿಗ್ರಾಂ ದಾಟಬಾರದು, ಒಂದು ಮಾದರಿಯೂ 200 ಮೀರಬಾರದು. ಗಾಳಿಯಾಗಲಿ ನೀರಾಗಲಿ 28 ಡಿಗ್ರಿ ಮೀರಿದಲ್ಲಿ, ಮೀನು ಸತ್ತ 6 ಗಂಟೆಯೊಳಗೆ ಐಸ್ ಸೇರಬೇಕು ಎನ್ನುತ್ತದೆ ಅಮೆರಿಕದ ಆಹಾರ ಇಲಾಖೆಯ ಮಾರ್ಗಸೂಚಿ. ಲಕ್ಷದ್ವೀಪದ ಕಡಲು ವರ್ಷದ ಬಹುಕಾಲ ಆ ಉಷ್ಣತೆಯಲ್ಲೇ ಇರುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಹಿಡಿದ ಮೀನನ್ನು ಐಸ್ ಇಲ್ಲದೆ ಹಲಗೆಯ ಮೇಲಿಟ್ಟುಕೊಂಡು ನಾಲ್ಕಕ್ಕೆ ದಡ ಸೇರಿದರೆ ಗಡುವು ಮುಗಿದೇ ಹೋಗಿರುತ್ತದೆ.

ಐಸ್ ಎಷ್ಟು ಬೇಕು? 30 ಡಿಗ್ರಿಯ 1 ಕಿಲೊ ಮೀನನ್ನು ಸೊನ್ನೆಗೆ ಇಳಿಸಲು ಸುಮಾರು 108 ಕಿಲೊಜೂಲ್ ಶಾಖ ಹೊರಹೋಗಬೇಕು. 1 ಕಿಲೊ ಐಸ್ ಕರಗುವಾಗ 334 ಕಿಲೊಜೂಲ್ ಹೀರುತ್ತದೆ. ಅಂದರೆ ಕಾಗದದ ಮೇಲೆ 500 ಕಿಲೊ ಮೀನಿಗೆ 160 ಕಿಲೊ ಐಸ್ ಸಾಕು. ಆದರೆ ತೆರೆದ ದೋಣಿಯಲ್ಲಿ, ಬಿಸಿಲಲ್ಲಿ, ಶಾಖ ತಡೆಯುವ ಗೋಡೆಯಿಲ್ಲದ ಡಬ್ಬದಲ್ಲಿ ಅರ್ಧಕ್ಕಿಂತ ಹೆಚ್ಚು ಐಸ್ ಮೀನನ್ನು ಮುಟ್ಟುವ ಮೊದಲೇ ನೀರಾಗಿರುತ್ತದೆ. ಉಷ್ಣವಲಯದಲ್ಲಿ ಮೀನಿನಷ್ಟೇ ತೂಕದ ಐಸ್ ಒಯ್ಯಿರಿ ಎಂದು ಹೇಳುವುದು ಅದಕ್ಕೆ. ಪಫ್ ಎಂಬ ಶಾಖ ತಡೆಯುವ ಫೋಮ್ ತುಂಬಿದ ಇನ್ಸುಲೇಟೆಡ್ ಪೆಟ್ಟಿಗೆಯಿದ್ದರೆ ಒಂದು ದಿನದ ಓಟಕ್ಕೆ ಅದರ ಅರ್ಧದಲ್ಲಿ ನಿಭಾಯಿಸಬಹುದು. ಒಂದು ಒಳ್ಳೆಯ ಪೆಟ್ಟಿಗೆ ದಿನವೂ ಉಳಿಸುವುದು ಅದೇ 250 ಕಿಲೊ ಐಸ್.

ಇನ್ನು ಜಾಗದ ಪ್ರಶ್ನೆ. ಬಳಕೆಯಲ್ಲಿರುವ ಹಳೆಯ ಮಾದರಿಯ ದೋಣಿಗಳು 8–9 ಮೀಟರ್ ಉದ್ದದವು. ಅದರಲ್ಲಿ ಎರೆಮೀನಿನ ತೊಟ್ಟಿ, ಎಂಜಿನ್, ಎಂಟು-ಹತ್ತು ಜನ. ಅರ್ಧ ಟನ್ ಐಸ್ ಇಡಲು ಸ್ಥಳವೇ ಇಲ್ಲ. ಇಲ್ಲಿ ದೊಡ್ಡ ದೋಣಿಯ ವಾದಕ್ಕೆ ನಿಜವಾದ ಬಲವಿದೆ, ಆದರೆ ‘ದೊಡ್ಡ’ ಎಂದರೆ ಎಷ್ಟು ಎಂದು ಕೇಳಿಕೊಳ್ಳಬೇಕು. ಇನ್ಸುಲೇಟೆಡ್ ಮೀನುಕೋಣೆಯಿರುವ, ಲಗೂನ್‌ನ ಕಿರಿದಾದ ಬಾಯಿಯಲ್ಲಿ ನುಸುಳಬಲ್ಲ 12–15 ಮೀಟರ್ ದೋಣಿ ದ್ವೀಪದವರದ್ದೇ ಕೈಯಲ್ಲಿ ಉಳಿಯುತ್ತದೆ. ವಾರಗಟ್ಟಲೆ ಕಡಲಲ್ಲಿದ್ದು ಉದ್ದನೆಯ ದಾರಕ್ಕೆ ಸಾಲಾಗಿ ಗಾಳ ಕಟ್ಟಿ ಹಿಡಿಯುವ ಲಾಂಗ್‌ಲೈನ್ ಹಡಗಿಗೆ ಬೇಕಾದ ಬಂಡವಾಳ, ಆಳದ ಜೆಟ್ಟಿ, ಫ್ರೀಜರ್ ದ್ವೀಪದಲ್ಲಿಲ್ಲ. ಅದು ಬಂದರೆ ಮುಖ್ಯಭೂಮಿಯಿಂದ ಬಂದು ಮುಖ್ಯಭೂಮಿಗೇ ಹೋಗುತ್ತದೆ.

ಪೆಟ್ಟಿಗೆ ಸಿಗುವವರೆಗೂ ಮಾಡಬಹುದಾದ ಕೆಲಸಗಳಿವೆ. ಮೀನು ಬೀಳುವ ಜಾಗಕ್ಕೆ ರಬ್ಬರ್ ಅಥವಾ ಫೋಮ್ ಹಾಸು ಹಾಕಿದರೆ ಮಾಂಸ ಜಜ್ಜಿಹೋಗುವುದು ತಪ್ಪುತ್ತದೆ. ಕಿವಿರಿನ ಬಳಿ ಕತ್ತರಿಸಿ ರಕ್ತ ಬಸಿಯಬೇಕು. ಸಮುದ್ರದ ನೀರಿಗೆ ಐಸ್ ಬೆರೆಸಿದ ಡ್ರಮ್ಮಿನಲ್ಲಿ ಮೊದಲು ಮುಳುಗಿಸಿ, ಮೈ ತಣಿದ ಮೇಲೆ ಪೆಟ್ಟಿಗೆಗೆ ಹಾಕಿದರೆ ಬರೀ ಐಸ್ ಹೊದಿಸಿದ್ದಕ್ಕಿಂತ ಬೇಗ ತಣ್ಣಗಾಗುತ್ತದೆ, ಏಕೆಂದರೆ ನೀರು ಮೈಗೆಲ್ಲ ಅಂಟುತ್ತದೆ, ಐಸ್ ತುಂಡಿನ ನಡುವೆ ಗಾಳಿ ಉಳಿಯುತ್ತದೆ. ಏನೂ ಇಲ್ಲದಿದ್ದರೆ ನೆರಳು ಮತ್ತು ಒದ್ದೆ ಗೋಣಿ. ಇದರಿಂದ ಗಡುವು ತುಸು ಹಿಂದಕ್ಕೆ ಸರಿಯುತ್ತದೆ, ರದ್ದಾಗುವುದಿಲ್ಲ.

ಐಸ್ ಎಲ್ಲಿಂದ

ಬ್ಲಾಕ್ ಐಸ್ ಮಾಡಲು ಇಂಥ ಸೆಕೆಯ ನಾಡಿನಲ್ಲಿ ಟನ್ನಿಗೆ 60–80 ಯೂನಿಟ್ ವಿದ್ಯುತ್ ಹೋಗುತ್ತದೆ. ಲಕ್ಷದ್ವೀಪದ ವಿದ್ಯುತ್ ಬಹುಪಾಲು ಡೀಸೆಲ್ ಜನರೇಟರ್‌ನದ್ದು. 1 ಲೀಟರ್ ಡೀಸೆಲ್‌ಗೆ ಮೂರೂವರೆ ಯೂನಿಟ್ ಎಂದರೂ ಟನ್ ಐಸ್‌ಗೆ ಸುಮಾರು 20 ಲೀಟರ್ ಡೀಸೆಲ್, ಅದೂ ನೂರಾರು ಕಿಲೋಮೀಟರ್ ಕಡಲು ದಾಟಿ ಬಂದದ್ದು. ದಿನಕ್ಕೆ 5 ಟನ್‌ನ ಸಣ್ಣ ಘಟಕಕ್ಕೆ 5,000 ಲೀಟರ್ ಸಿಹಿನೀರು ಬೇರೆ ಬೇಕು.

ಆ ನೀರನ್ನು ಬಾವಿಯಿಂದ ಎತ್ತುವ ಮಾತೇ ಸಲ್ಲ. ಹವಳದ ಮರಳಿನಡಿ ಮಳೆನೀರು ಉಪ್ಪುನೀರಿನ ಮೇಲೆ ತೆಳು ಪದರವಾಗಿ ತೇಲುತ್ತಿರುತ್ತದೆ. ಸಿಹಿನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ 1 ಮೀಟರ್ ಎತ್ತರವಿದ್ದರೆ ಅದರ ಕೆಳಗೆ ಸುಮಾರು 40 ಮೀಟರ್ ಸಿಹಿನೀರು ಇರಬಹುದು ಎಂಬುದು ಪಠ್ಯಪುಸ್ತಕದ ಸೂತ್ರ. ಅಂದರೆ ಪಂಪಿನಿಂದ ಮಟ್ಟ 10 ಸೆಂಟಿಮೀಟರ್ ತಗ್ಗಿದರೆ ಅಡಿಯಿಂದ ಉಪ್ಪುನೀರು 4 ಮೀಟರ್ ಮೇಲೇರುತ್ತದೆ. ಪುಟ್ಟ ದ್ವೀಪದಲ್ಲಿ ಪದರವೇ ಕೆಲವು ಮೀಟರ್ ಇರುವಾಗ ಬಾವಿ ಹಾಳಾಗಲು ಒಂದು ಬೇಸಿಗೆ ಸಾಕು. ಉಪ್ಪುನೀರು ಸಿಹಿ ಮಾಡುವ ಘಟಕಗಳೇ ದಾರಿ. ಆಳದ ತಣ್ಣೀರನ್ನು ಬಳಸಿ ದಿನಕ್ಕೆ 1 ಲಕ್ಷ ಲೀಟರ್ ಕೊಡುವ ಮೊದಲ ಘಟಕ 2005ರಲ್ಲಿ ಕವರತ್ತಿಯಲ್ಲಿ ಶುರುವಾಯಿತು, 2011ರಲ್ಲಿ ಮಿನಿಕಾಯ್ ಮತ್ತು ಅಗತ್ತಿಯಲ್ಲಿ. ಕುಡಿಯುವ ನೀರಿನ ಆ ಪಾಲಿಗೆ ಕೈಹಾಕದೆ ಐಸ್ ಮಾಡಬೇಕಾದರೆ ಸಮುದ್ರದ ನೀರಿನಿಂದಲೇ ಗಂಜಿಯಂತಹ ಸ್ಲರಿ ಐಸ್ ಮಾಡುವ ಯಂತ್ರ ಹೆಚ್ಚು ಒಗ್ಗುತ್ತದೆ. ಅದು ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗೇ ಇರುತ್ತದೆ, ಮೀನಿನ ಮೈಯನ್ನು ಸುತ್ತಲೂ ತಬ್ಬುತ್ತದೆ. ನೀರು ಎತ್ತುವ ಕೊಳವೆ ಮಾತ್ರ ಹವಳದಿಬ್ಬದ ಹೊರಗಿರಬೇಕು, ಮೀನು ಕೊಯ್ದ ಕೊಳಕು ಸೇರುವ ಲಗೂನ್ ಅಂಚಿನಲ್ಲಿರಬಾರದು.

ವಿದ್ಯುತ್ತಿಗೆ ಉತ್ತರ ಬಿಸಿಲು. ಕವರತ್ತಿಯಲ್ಲಿ 2024ರಿಂದ ಬ್ಯಾಟರಿ ಸಹಿತ ಸೌರ ಘಟಕವಿದೆ. ಬ್ಯಾಟರಿಯನ್ನು ಉಪ್ಪುಗಾಳಿ ತಿನ್ನುತ್ತದೆ, ಬದಲಿಸಲು ಹಣ ಬೇಕು. ಐಸ್‌ಗೆ ಆ ಗೋಳಿಲ್ಲ. ಮಧ್ಯಾಹ್ನದ ಹೆಚ್ಚುವರಿ ಸೌರ ವಿದ್ಯುತ್ತಿನಿಂದ ಐಸ್ ಮಾಡಿ ದಪ್ಪ ಗೋಡೆಯ ಕೋಣೆಯಲ್ಲಿಟ್ಟರೆ ಮರುದಿನ ಬೆಳಗಿನ ಜಾವ ದೋಣಿ ಹೊರಡುವಾಗ ಸಿದ್ಧವಿರುತ್ತದೆ. ಹೊಸ ಸೌರ ಘಟಕ ಯೋಜಿಸುವಾಗಲೇ ಪಕ್ಕದಲ್ಲಿ ಐಸ್ ಯಂತ್ರ ಸೇರಿಸುವುದು ವೆಚ್ಚದಲ್ಲೂ ದೊಡ್ಡದಲ್ಲ. ಎರಡು ಇಲಾಖೆಗಳು ಒಂದೇ ಮೇಜಿಗೆ ಬರಬೇಕು, ಅಷ್ಟೇ. 2020ರಲ್ಲಿ 20,050 ಕೋಟಿ ರೂಪಾಯಿ ಅಂದಾಜಿನೊಂದಿಗೆ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆಯಲ್ಲಿ ಐಸ್ ಘಟಕ, ಶೈತ್ಯಾಗಾರ, ಇನ್ಸುಲೇಟೆಡ್ ಪೆಟ್ಟಿಗೆ ಎಲ್ಲಕ್ಕೂ ನೆರವಿದೆ. ಘಟಕ ಕಟ್ಟಿದ ಮೇಲೆ ಕೆಡುವುದೇ ಸಮಸ್ಯೆ: ಕಂಪ್ರೆಸರ್‌ನ ಒಂದು ಬಿಡಿಭಾಗಕ್ಕೆ ಮುಂದಿನ ಹಡಗು ಕಾಯಬೇಕು, ತುಕ್ಕು ಹಿಡಿದ ಕಂಡೆನ್ಸರ್ ಬಿಚ್ಚಲು ಮೆಕ್ಯಾನಿಕ್ ಬರಬೇಕು. ಅನುದಾನದ ಜೊತೆಗೇ ಮೂರು ವರ್ಷದ ಬಿಡಿಭಾಗಗಳ ದಾಸ್ತಾನು ಮತ್ತು ದ್ವೀಪದ ಇಬ್ಬರು ಯುವಕರಿಗೆ ರೆಫ್ರಿಜರೇಶನ್ ತರಬೇತಿ ಟೆಂಡರಿನಲ್ಲೇ ಬರೆದಿರಬೇಕು.

ಎರೆಯೇ ಮಿತಿ

ಐಸ್ ಸಿಕ್ಕಿತು, ದೋಣಿ ತುಸು ದೊಡ್ಡದಾಯಿತು ಎಂದಿಟ್ಟುಕೊಳ್ಳಿ. ಆಗ ಹಿಡಿತಕ್ಕೆ ಮಿತಿ ಹಾಕುವುದು ಟ್ಯೂನಾ ಅಲ್ಲ, ಎರೆಮೀನು. ಮಿನಿಕಾಯ್‌ನಲ್ಲಿ ಹೊಂದೆಲಿ ಎನ್ನುವ, ಬೆರಳಿಗಿಂತ ಚಿಕ್ಕ ಬೆಳ್ಳಿ ಬಣ್ಣದ ಮೀನು ಮುಖ್ಯ ಎರೆ. ಅದು ಲಗೂನ್ ಬಿಟ್ಟು ದೂರ ಹೋಗುವುದಿಲ್ಲ. ಹವಳದ ತೋಟ ಸೊರಗಿದರೆ ಅದರ ಜೊತೆಗಿನ ಎರೆಮೀನುಗಳೂ ಸೊರಗುತ್ತವೆ. ಎರೆ ಸಿಗದ ದಿನ ಕಡಲ ತುಂಬ ಟ್ಯೂನಾ ಇದ್ದರೂ ದೋಣಿ ದಡದಲ್ಲೇ.

ಹವಳಕ್ಕೆ 1998, 2010, 2016ರಲ್ಲಿ ಬಿಸಿನೀರಿನ ಹೊಡೆತ ಬಿದ್ದಿತ್ತು. 2023ರ ಅಕ್ಟೋಬರ್‌ನಿಂದ ಕಾಡಿದ ಕಡಲ ಬಿಸಿಯಲೆಯಿಂದ 2024ರಲ್ಲಿ ಮತ್ತೆ ವ್ಯಾಪಕವಾಗಿ ಬಿಳಿಚಿಕೊಂಡವು. ಒಂದು ಹೊಡೆತದಿಂದ ಚೇತರಿಸಿಕೊಳ್ಳಲು ಹತ್ತು ವರ್ಷವಾದರೂ ಬೇಕಾದ ಜೀವಕ್ಕೆ ಆ ಬಿಡುವು ಸಿಗುತ್ತಿಲ್ಲ. ಕಡಲ ಬಿಸಿಯನ್ನು ದ್ವೀಪದವರು ತಡೆಯಲಾರರು. ಎರೆಯ ಪೋಲನ್ನು ತಡೆಯಬಹುದು.

ಪೋಲು ಆಗುವುದು ತೊಟ್ಟಿಯಲ್ಲಿ. ಮಿನಿಕಾಯ್‌ನ ಸಾಂಪ್ರದಾಯಿಕ ದೋಣಿಗಳಲ್ಲಿ ತೊಟ್ಟಿಯ ತಳದಲ್ಲೇ ತೂತುಗಳಿದ್ದು, ಮರದ ಬಿರಡೆ ತೆಗೆದರೆ ಸಮುದ್ರದ ನೀರು ತಾನಾಗಿ ಒಳಬಂದು ಹೊರಹೋಗುತ್ತದೆ. ದೋಣಿ ನಿಂತಾಗ ನೀರಿನ ಓಡಾಟವೂ ನಿಧಾನವಾಗುತ್ತದೆ, ಆಗಲೇ ಎರೆ ಉಸಿರುಗಟ್ಟುವುದು. ಹಿಡಿದ ಕೂಡಲೇ ತೊಟ್ಟಿಗೆ ಸುರಿದದ್ದು ಇನ್ನೊಂದು ಕಾರಣ: ಬಲೆಗೆ ಉಜ್ಜಿ ಹುರುಪೆ ಕಳೆದುಕೊಂಡ ಮೀನು ಅರ್ಧ ದಿನದೊಳಗೆ ಸಾಯುತ್ತದೆ. ಹಿಂದಿನ ಸಂಜೆಯೇ ಹಿಡಿದು ಲಗೂನ್‌ನ ತೇಲುಪಂಜರದಲ್ಲಿ ರಾತ್ರಿ ಇಟ್ಟರೆ ದುರ್ಬಲವಾದವು ಅಲ್ಲೇ ಉದುರುತ್ತವೆ, ಗಟ್ಟಿಯಾದವು ಮಾತ್ರ ದೋಣಿಗೆ ಹೋಗುತ್ತವೆ. ಬಲೆಯನ್ನು ನೀರಿನಿಂದ ಪೂರ್ತಿ ಮೇಲೆತ್ತದೆ ಬಕೆಟ್ಟಿನಲ್ಲಿ ನೀರಿನ ಸಮೇತ ದಾಟಿಸುವುದು, ತೊಟ್ಟಿಗೆ ಬ್ಯಾಟರಿ ಪಂಪಿನಿಂದ ಗಾಳಿ ಕೊಡುವುದು, ಮೂಲೆಯಿಲ್ಲದ ದುಂಡು ತೊಟ್ಟಿ ಮಾಡಿಸುವುದು — ಇವೆಲ್ಲ ಸಾವಿರಗಳ ಖರ್ಚು, ಲಕ್ಷಗಳದ್ದಲ್ಲ. ಎರೆ ಹೆಚ್ಚು ಹೊತ್ತು ಬದುಕಿದರೆ ಹೆಚ್ಚು ದೂರ ಹೋಗಬಹುದು. ಅಷ್ಟೇ ಟ್ಯೂನಾಕ್ಕೆ ಕಡಿಮೆ ಎರೆ ಸಾಕು.

ನಿಯಮ ಹಾಕುವುದು ಊರಿನ ಕೈಯಲ್ಲಿದ್ದರೆ ಚೆಂದ. ಮಿನಿಕಾಯ್‌ನಲ್ಲಿ ಅವಾ ಎಂಬ ಹಳ್ಳಿಗಳಿಗೆ ಬೊಡುಕಾಕಾ ಎಂಬ ಹಿರಿಯನೂ ಬೊಡುತಾತಾ ಎಂಬ ಹಿರಿಯಳೂ ಇದ್ದಾರೆ. ಇಂತಿಂಥ ಜಾಗದಲ್ಲಿ ಎರೆ ಹಿಡಿಯಬಾರದು, ದೀಪ ಹಚ್ಚಿ ಎರೆ ಕೂಡಿಸಬಾರದು ಎಂಬ ಮಾತು ಅಲ್ಲಿಂದ ಬಂದರೆ ಪಾಲನೆಯಾಗುತ್ತದೆ. ದಕ್ಷಿಣ್ ಫೌಂಡೇಶನ್ ಎಂಬ ಸ್ವಯಂಸೇವಾ ಸಂಸ್ಥೆ 2014ರಿಂದ ಮೀನುಗಾರರ ಕೈಯಲ್ಲೇ ಹಿಡಿತದ ಲೆಕ್ಕ ಬರೆಸುವ ಕೆಲಸ ನಡೆಸಿದೆ. ಎಷ್ಟು ಎರೆಗೆ ಎಷ್ಟು ಟ್ಯೂನಾ ಎಂದು ತಾವೇ ಬರೆದುಕೊಂಡವರಿಗೆ ಯಾವ ಇಲಾಖೆಯೂ ಪಾಠ ಹೇಳಬೇಕಿಲ್ಲ. ಟ್ಯೂನಾ ಲಾಭ ತರದಿದ್ದರೆ ದೋಣಿಗಳು ಹವಳದಿಬ್ಬದ ಮೀನಿನ ಕಡೆ ತಿರುಗುತ್ತವೆ ಎಂಬುದನ್ನೂ ಇಲ್ಲಿ ನೆನಪಿಡಬೇಕು. ಪಾಚಿ ಮೇಯುವ ಆ ಮೀನುಗಳು ಹೋದರೆ ಬಿಳಿಚಿದ ಹವಳದ ಮೇಲೆ ಪಾಚಿ ಕೂರುತ್ತದೆ, ಹೊಸ ಹವಳ ನೆಲೆಯೂರುವುದಿಲ್ಲ. ಟ್ಯೂನಾಕ್ಕೆ ಒಳ್ಳೆಯ ಬೆಲೆ ಕೊಡಿಸುವುದೂ ಹವಳ ಕಾಯುವ ಕೆಲಸವೇ.

ಮಾಸ್ಮಿನ್

ಐಸ್ ಇಲ್ಲದ ಕಾಲದಲ್ಲಿ ಈ ಜನ ಕಂಡುಕೊಂಡ ಉಪಾಯ ಮಾಸ್ಮಿನ್. ತಲೆ, ಕರುಳು ತೆಗೆದ ಟ್ಯೂನಾವನ್ನು ಬೆನ್ನಿನ ಎರಡು, ಹೊಟ್ಟೆಯ ಎರಡು ಎಂದು ನಾಲ್ಕು ಹೋಳು ಮಾಡಿ ಉಪ್ಪುನೀರಿನಲ್ಲಿ ಒಂದು ಗಂಟೆಗೂ ಮಿಕ್ಕಿ ಬೇಯಿಸುತ್ತಾರೆ. ಆರಿದ ಮೇಲೆ ಮುಳ್ಳು ಬಿಡಿಸಿ, ತೆಂಗಿನ ಸಿಪ್ಪೆ-ಕರಟದ ಹೊಗೆಯ ಮೇಲೆ ಅಟ್ಟಣಿಗೆಯಲ್ಲಿಟ್ಟು, ನಂತರ ಬಿಸಿಲಿಗೆ. ಹೊಗೆ, ಬಿಸಿಲು ಸರದಿಯಂತೆ ಒಂದು ವಾರಕ್ಕೂ ಹೆಚ್ಚು. ಕೊನೆಗೆ ಮರದ ತುಂಡಿನಷ್ಟು ಗಟ್ಟಿಯಾಗುತ್ತದೆ, ತಿಂಗಳುಗಟ್ಟಲೆ ಕೆಡುವುದಿಲ್ಲ. ಬೇಯಿಸಿದ ನೀರನ್ನು ಬತ್ತಿಸಿದರೆ ರಿಹಾಕುರು ಎಂಬ ಕಂದು ಬಣ್ಣದ ಗಟ್ಟಿ ಗೊಜ್ಜು. ಶ್ರೀಲಂಕಾದ ಅಡುಗೆಗೆ ಈ ಒಣ ಟ್ಯೂನಾ ಬೇಕೇ ಬೇಕು, ವ್ಯಾಪಾರ ಹಳೆಯದು.

ಲೆಕ್ಕ ಮಾತ್ರ ಕಠಿಣ. ಸುಮಾರು 5 ಕಿಲೊ ಹಸಿ ಮೀನಿಗೆ 1 ಕಿಲೊ ಮಾಸ್ಮಿನ್. ಹಸಿ ಮೀನು ಕಿಲೊಗೆ 100 ರೂಪಾಯಿ ಹೋಗುತ್ತದೆ ಎಂದುಕೊಂಡರೆ, ಮಾಸ್ಮಿನ್ 500ಕ್ಕೆ ಹೋದರೂ ಸೌದೆ, ಉಪ್ಪು, ಹೆಂಗಸರ ಒಂದು ವಾರದ ದುಡಿಮೆ ಪುಕ್ಕಟೆ. ಹಾಗಿದ್ದರೂ ಮಾಡುತ್ತಾರೆ, ಏಕೆಂದರೆ ಹಸಿ ಮೀನು ಕೊಳ್ಳುವವರು ದಿನವೂ ಇರುವುದಿಲ್ಲ. ಮೇ ನಡುವಿನಿಂದ ಸೆಪ್ಟೆಂಬರ್‌ವರೆಗೆ ಕಡಲು ಒರಟಾಗಿ ಕೋಲು-ಗಾಳ ನಿಂತಾಗ ಮನೆ ನಡೆಸುವುದು ಈ ದಾಸ್ತಾನು. ಖರೀದಿದಾರ ಒಬ್ಬನೇ ಇದ್ದು, ಅವನೇ ಮುಂಗಡ ಕೊಟ್ಟಿದ್ದರೆ ಬೆಲೆ ಅವನದ್ದೇ. ಕಿಸಾನ್ ಕ್ರೆಡಿಟ್ ಕಾರ್ಡ್ 2018–19ರಿಂದ ಮೀನುಗಾರರಿಗೂ ಸಿಗುತ್ತದೆ. 2025ರಿಂದ 2 ಲಕ್ಷ ರೂಪಾಯಿವರೆಗೆ ಅಡಮಾನವಿಲ್ಲದ ಸಾಲವಿದೆ, ಸಕಾಲದಲ್ಲಿ ತೀರಿಸಿದರೆ ಬಡ್ಡಿ ಶೇ 4. ಡೀಸೆಲ್‌ಗೂ ಐಸ್‌ಗೂ ಮುಂಗಡ ಕೇಳುವ ಅಗತ್ಯ ಇದರಿಂದ ತಪ್ಪಿದರೆ ಮಾಸ್ಮಿನ್ ಬೆಲೆ ಚೌಕಾಸಿ ಮಾಡಲು ಮೊದಲ ಬಾರಿ ಶಕ್ತಿ ಬರುತ್ತದೆ.

ಗುಣಮಟ್ಟ ಕೆಡುವುದು ಮೂರು ಕಡೆ. ಬೆಚ್ಚಗೆ ಉಳಿದ ಮೀನಿನಿಂದ ಮಾಡಿದ್ದರೆ ಹಿಸ್ಟಮಿನ್ ಆಗಲೇ ಒಳಗಿರುತ್ತದೆ. ನೆಲದ ಮೇಲೆ ಒಣಗಿಸಿದರೆ ಮರಳು ಸೇರುತ್ತದೆ. ಒಳತಿರುಳು ಹಸಿಯಿರುವಾಗಲೇ ಮೇಲ್ಮೈ ಗಟ್ಟಿಯಾದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಕೊನೆಯದ್ದಕ್ಕೆ ಕಾರಣ ಮೊದಲ ದಿನವೇ ಜೋರು ಉರಿ. ಮೊದಲೆರಡು ದಿನ ಮಂದ ಹೊಗೆ, ರಾತ್ರಿ ಮುಚ್ಚಿಟ್ಟು ಒಳಗಿನ ತೇವ ಹೊರಗೆ ಹರಡಲು ಬಿಟ್ಟು, ಮತ್ತೆ ಒಣಗಿಸಬೇಕು. ಸೊಂಟದೆತ್ತರದ ಜಾಲರಿ, ಮೇಲೆ ಪಾಲಿಥಿನ್ ಹೊದಿಸಿದ ಸೌರ ಒಣಗುಮನೆ, ಒಂದು ತೇವಾಂಶ ಮಾಪಕ, ಗಾಳಿ ತೆಗೆದು ಸೀಲ್ ಮಾಡುವ ಯಂತ್ರ, ಇಷ್ಟು ಸಾಕು. ಆದರೆ ಅವನ್ನು ಇಡಲು ಕಡಲಂಚಿನಲ್ಲಿ ಜಾಗ ಬೇಕು. 2021ರಲ್ಲಿ ಕರಾವಳಿ ನಿಯಮದ ಕಾರಣ ಕೊಟ್ಟು ಮೀನುಗಾರರ ತೀರದ ಶೆಡ್‌ಗಳನ್ನು ಕೆಡವಲಾಯಿತು. ಬಲೆ, ಎಂಜಿನ್, ದೋಣಿಯ ಸಾಮಾನು ಇಡುವ ಆಸರೆಯೇ ಹೋದ ಮೇಲೆ ‘ಮೌಲ್ಯವರ್ಧನೆ’ ಎನ್ನುವುದು ಗಾಳಿಮಾತು. ಶೆಡ್‌ಗೆ ಜಾಗ ಗುರುತಿಸಿ ಕಾನೂನಿನ ರಕ್ಷಣೆ ಕೊಡುವುದು ಯಾವ ಯಂತ್ರಕ್ಕಿಂತಲೂ ಮೊದಲು ಆಗಬೇಕಾದ ಕೆಲಸ.

ಮೀನಿನ ತಲೆ, ತೆಂಗಿನ ಬುಡ

ಟ್ಯೂನಾ ಕೊಯ್ದಾಗ ತಲೆ, ಕರುಳು, ಮುಳ್ಳು, ಚರ್ಮ ಸೇರಿ ಅರ್ಧದಷ್ಟು ತೂಕ ತ್ಯಾಜ್ಯ. ಅದು ಲಗೂನ್‌ಗೆ ಹೋದರೆ ನೀರು ಕೊಳೆತು ಎರೆಮೀನಿಗೇ ಕುತ್ತು. ಇತ್ತ ತೆಂಗು ನಿಂತಿರುವುದು ಹವಳದ ಮರಳಿನಲ್ಲಿ: ಸುಣ್ಣ ವಿಪರೀತ, ಕ್ಷಾರ ಹೆಚ್ಚು, ಸಾರಜನಕ, ಪೊಟ್ಯಾಶ್, ಕಬ್ಬಿಣ ಕಡಿಮೆ. 2020ರ ಕೊನೆಗೆ ಇಡೀ ಲಕ್ಷದ್ವೀಪ ಸಾವಯವ ಎಂದು ಘೋಷಣೆಯಾಗಿದೆ, ರಾಸಾಯನಿಕ ಗೊಬ್ಬರ ಬರುವಂತಿಲ್ಲ. ಹೀಗಿರುವಾಗ ದ್ವೀಪದಲ್ಲಿ ಸಾರಜನಕ, ರಂಜಕದ ದೊಡ್ಡ ಗಣಿ ಎಂದರೆ ಈ ಮೀನಿನ ತಲೆಗಳೇ.

ಒಂದು ಪಾಲು ಮೀನಿನ ತ್ಯಾಜ್ಯಕ್ಕೆ ಮೂರು ಪಾಲು ನಾರಿನ ಪುಡಿ ಮತ್ತು ಚೂರು ಮಾಡಿದ ಸೋಗೆ, ಪದರ ಪದರವಾಗಿ. ಮೀನು ಎಲ್ಲೂ ಹೊರಗೆ ಕಾಣದಂತೆ ಮೇಲೆ ಒಂದು ಗೇಣು ಪುಡಿ ಮುಚ್ಚಬೇಕು, ಇಲ್ಲದಿದ್ದರೆ ನೊಣ, ಇಲಿ, ನಾತ. ಉಪ್ಪುನೀರಲ್ಲಿ ನೆನೆದ ಪುಡಿಯನ್ನು ಮೊದಲು ಮಳೆನೀರಿನಲ್ಲಿ ತೊಳೆಯದೆ ಹಾಕಿದರೆ ಗೊಬ್ಬರದ ಜೊತೆ ಉಪ್ಪೂ ಗಿಡದ ಬುಡಕ್ಕೆ ಹೋಗುತ್ತದೆ. ವಾರದೊಳಗೆ ಗುಡ್ಡೆಯ ಒಳಗಿನ ಶಾಖ 55 ಡಿಗ್ರಿ ಮುಟ್ಟಬೇಕು. ಮುಟ್ಟದಿದ್ದರೆ ತೇವ ಕಡಿಮೆ ಅಥವಾ ಮೀನು ಕಡಿಮೆ. ಎರಡು ಬಾರಿ ಮಗುಚಿದರೆ ಎರಡು-ಎರಡೂವರೆ ತಿಂಗಳಲ್ಲಿ ಗೊಬ್ಬರ. ಬಾವಿಯಿಂದ ದೂರ, ತಳಕ್ಕೆ ಸಿಮೆಂಟು ಹಾಸಿನ ಮೇಲೆ ಮಾಡಬೇಕು, ಏಕೆಂದರೆ ಆ ಮರಳಿನಲ್ಲಿ ಇಂಗಿದ ಕೊಳಕು ನೇರ ಕುಡಿಯುವ ನೀರಿಗೆ ಇಳಿಯುತ್ತದೆ. ಪೊಟ್ಯಾಶ್‌ಗೆ ತೆಂಗಿನ ಸಿಪ್ಪೆಯನ್ನು ಬುಡದ ಸುತ್ತ ಹೂಳುವುದೇ ಸರಿ. ಮಾಸ್ಮಿನ್ ಒಲೆಯ ಬೂದಿಯಲ್ಲಿ ಪೊಟ್ಯಾಶ್ ಇದೆ ನಿಜ, ಆದರೆ ಮೊದಲೇ ಕ್ಷಾರವಾದ ಮಣ್ಣಿಗೆ ಬೂದಿ ಸುರಿದರೆ ಎಲೆ ಇನ್ನಷ್ಟು ಹಳದಿಯಾಗುತ್ತದೆ.

ತೆಂಗಿನ ದೊಡ್ಡ ಶತ್ರು ಇಲಿ. ಕಾಂಡಕ್ಕೆ ತಗಡು ಸುತ್ತುವುದು ಎಲ್ಲ ಕೈಪಿಡಿಯಲ್ಲೂ ಇದೆ. ಲಕ್ಷದ್ವೀಪದಲ್ಲಿ ಅದು ಸೋಲುತ್ತದೆ. ಗಿಡದಿಂದ ಗಿಡಕ್ಕೆ ಏಳೂವರೆ ಮೀಟರ್ ಅಂತರವಿದ್ದರೆ ಹೆಕ್ಟೇರಿಗೆ 175ರಷ್ಟು ಮರ. ದ್ವೀಪಗಳಲ್ಲಿ ಬಿದ್ದ ಕಾಯಿ ಮೊಳೆತದ್ದೂ ಸೇರಿ ಅದಕ್ಕಿಂತ ಎಷ್ಟೋ ದಟ್ಟ. ಗರಿಗೆ ಗರಿ ತಾಗಿರುವಾಗ ಇಲಿ ನೆಲಕ್ಕೆ ಇಳಿಯುವುದೇ ಇಲ್ಲ, ಮೇಲಿಂದ ಮೇಲೇ ಮರ ದಾಟುತ್ತದೆ. ಹಾಗಾಗಿ ಕಾಸರಗೋಡಿನ ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಶಿಫಾರಸು ಮಾಡಿದ್ದು ಐದು ಮರಕ್ಕೆ ಒಂದರಂತೆ ತುದಿಯಲ್ಲೇ ಬ್ರೊಮಾಡಿಯೊಲೋನ್ ಎಂಬ ಇಲಿಪಾಷಾಣದ 10 ಗ್ರಾಂ ಬಿಲ್ಲೆ ಇಡುವುದನ್ನು, 12 ದಿನದ ಅಂತರದಲ್ಲಿ ಎರಡು ಸಲ. ಇಡೀ ದ್ವೀಪದಲ್ಲಿ ಒಟ್ಟಿಗೆ ಮಾಡಬೇಕು, ಒಂದು ತೋಟದಲ್ಲಿ ಮಾಡಿದರೆ ಪಕ್ಕದಿಂದ ತುಂಬಿಕೊಳ್ಳುತ್ತದೆ. ಸಾವಯವ ಪ್ರಮಾಣಪತ್ರಕ್ಕೆ ಇದು ತೊಡಕಾಗದಂತೆ ಮೊದಲೇ ಒಪ್ಪಿಗೆ ಪಡೆಯಬೇಕು, ಇಲ್ಲವಾದರೆ ಬೋನು ಇಡುವುದು ಮತ್ತು ಮರಗಳ ದಟ್ಟಣೆ ಕಡಿಮೆ ಮಾಡುವುದು. ಹಳೆಯ, ಇಳುವರಿ ನಿಂತ ಮರ ಕಡಿಯಲು ಯಾರಿಗೂ ಮನಸ್ಸು ಬರುವುದಿಲ್ಲ, ಆದರೆ ಅದೇ ಇಲಿಯ ಸೇತುವೆ. ತೆಂಗಿನ ಸುಳಿ ಕೊರೆಯುವ ಕುರುವಾಯಿ ಕೀಟದ ಮಟ್ಟಿಗೆ ಮಿನಿಕಾಯ್ ಒಳ್ಳೆಯ ಉದಾಹರಣೆ: 1980ರ ದಶಕದಲ್ಲಿ ಅಲ್ಲಿ ಬಿಟ್ಟ ಒಂದು ವೈರಸ್ ದುಂಬಿಗಳ ಸಂಖ್ಯೆಯನ್ನು ಗಣನೀಯವಾಗಿ ಇಳಿಸಿತು, ಒಂದು ಹನಿ ಕೀಟನಾಶಕವಿಲ್ಲದೆ.

ಇಲ್ಲಿನ ಕಾಯಿ ಚಿಕ್ಕದು, ಎಣ್ಣೆ ಜಾಸ್ತಿ. ಲಕ್ಕಡೀವ್ ಮೈಕ್ರೋ ತಳಿಯಿಂದ ಉಂಡೆ ಕೊಬ್ಬರಿ ಚೆನ್ನಾಗಿ ಬರುತ್ತದೆ. ತಿಪಟೂರಿನವರಿಗೆ ಅಟ್ಟದ ಮೇಲೆ ಹತ್ತು-ಹನ್ನೊಂದು ತಿಂಗಳು ಕಾಯುವ ಈ ಕೆಲಸ ಹೊಸದಲ್ಲ. ದ್ವೀಪದಲ್ಲಿ ಅಟ್ಟದ ಜಾಗ, ಅಷ್ಟು ಕಾಲ ಕಾಯುವ ತಾಕತ್ತು ಎರಡೂ ಕಡಿಮೆ. ಹೋಳು ಕೊಬ್ಬರಿ ತೇವ ಶೇ 6ಕ್ಕೆ ಇಳಿಯದೆ ಚೀಲ ಸೇರಿ ಹಡಗಿಗೆ ಕಾಯುತ್ತ ಕುಳಿತರೆ ಬೂಷ್ಟು, ಅದರಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ, ಅರ್ಧ ಬೆಲೆ.

ಇದಕ್ಕಿಂತ ಹೆಚ್ಚು ಆದಾಯ ಕೊಡಬಲ್ಲದ್ದು ನೀರಾ. ದ್ವೀಪದಲ್ಲಿ ಅದನ್ನು ಮೀರಾ ಎನ್ನುತ್ತಾರೆ, ಬೆಲ್ಲ, ವಿನೆಗರ್ ಮಾಡುವುದು ಹಳೆಯ ರೂಢಿ. ತೊಂದರೆ ಒಂದೇ: ಮಡಕೆಯಲ್ಲಿ ಕೆಲವೇ ಗಂಟೆಯಲ್ಲಿ ಹುಳಿಯಾಗುತ್ತದೆ. ಸಿಪಿಸಿಆರ್‌ಐ ರೂಪಿಸಿದ ಐಸ್ ತುಂಬಿದ ಪೆಟ್ಟಿಗೆಯನ್ನು ಹೊಂಬಾಳೆಗೆ ಕಟ್ಟಿದರೆ ರಸ ತಣ್ಣಗೇ ಇಳಿಯುತ್ತದೆ, ಸುಣ್ಣ ಹಚ್ಚಬೇಕಿಲ್ಲ. ರಸದಲ್ಲಿ ಸುಮಾರು ಶೇ 15 ಸಕ್ಕರೆ, 7 ಲೀಟರಿಗೆ ಹತ್ತಿರ ಹತ್ತಿರ 1 ಕಿಲೊ. ಸಕ್ಕರೆಯಾದ ಮೇಲೆ ಹಡಗು ಒಂದು ತಿಂಗಳು ತಡವಾದರೂ ಕೆಡುವುದಿಲ್ಲ. ದೋಣಿಗೆಂದು ಹಾಕಿದ ಐಸ್ ಯಂತ್ರ ಮೀನಿಲ್ಲದ ದಿನಗಳಲ್ಲೂ ಖಾಲಿ ಕೂರಬೇಕಿಲ್ಲ ಎಂಬುದು ಇಲ್ಲಿನ ಲಾಭ.

ಕಡಲಕಳೆಗೂ ಈಗ ಉತ್ಸಾಹವಿದೆ, ಲಕ್ಷದ್ವೀಪವನ್ನು ಕಡಲಕಳೆ ಕ್ಲಸ್ಟರ್ ಎಂದು ಕೇಂದ್ರ ಗುರುತಿಸಿದೆ. ಸಾಗರ ಮೀನುಗಾರಿಕೆಯ ಕೇಂದ್ರೀಯ ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐ ಪ್ರಯೋಗದಲ್ಲಿ ಸ್ಥಳೀಯ ಗ್ರೇಸಿಲೇರಿಯಾ 45 ದಿನದಲ್ಲಿ 60 ಪಟ್ಟಿನ ಸುಮಾರಿಗೆ ಬೆಳೆದಿತ್ತು. ಬಿದಿರು ತೆಪ್ಪದ ಮೇಲೆ ಹೆಂಗಸರ ಗುಂಪುಗಳು ಮಾಡಬಹುದಾದ ಕೆಲಸ. ಒಂದೇ ಷರತ್ತು: ಸ್ಥಳೀಯ ತಳಿ ಮಾತ್ರ. ಹೊರಗಿನಿಂದ ಬಂದ ಕಪ್ಪಾಫೈಕಸ್ ಎಂಬ ಕಡಲಕಳೆ ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದಲ್ಲಿ ಜೀವಂತ ಹವಳದ ಮೇಲೆ ಹಬ್ಬಿದ್ದು 2008ರಲ್ಲೇ ದಾಖಲಾಗಿದೆ.

ಮಂಗಳೂರಿನ ಪಾಲು

ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರಾ ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. ನಾರಿನ ಹಗ್ಗ ಕೊಟ್ಟು ಅಕ್ಕಿ ಒಯ್ಯುವ ವ್ಯವಹಾರ ನಡೆಯುತ್ತಿದ್ದದ್ದು ಮಂಗಳೂರಿನ ಬಂದರಿನಲ್ಲಿ. ಕಿಲ್ತಾನ್‌ನಿಂದ ಕೊಚ್ಚಿ 390 ಕಿಲೋಮೀಟರ್ ಆಸುಪಾಸು, ಮಂಗಳೂರು ಸುಮಾರು 250. ಇಂದಿಗೂ ಹಳೇ ಬಂದರಿನಿಂದ ಮಂಜಿ ಎಂಬ ಸರಕು ಹಡಗುಗಳು ತರಕಾರಿ, ಜಲ್ಲಿ, ಸಿಮೆಂಟು ತುಂಬಿಕೊಂಡು ಹೋಗುತ್ತವೆ. ಮಳೆಗಾಲಕ್ಕೆ ಮುನ್ನ ಕೊನೆಯ ಖೇಪು ಮುಟ್ಟಿಸುವ ಧಾವಂತದ ಅಪಾಯ ಎಂಥದ್ದೆಂದು 2025ರ ಮೇ ತಿಂಗಳಲ್ಲಿ ಕಂಡಿತು. ಮಂಗಳೂರಿನಿಂದ ಕಡಮತ್‌ಗೆ ಹೊರಟ ಸರಕು ಮಂಜಿಯೊಂದು ನಡುಗಡಲಲ್ಲಿ ಮುಳುಗಿತು. ಆರೂ ಜನರನ್ನು ಕೋಸ್ಟ್ ಗಾರ್ಡ್ ಉಳಿಸಿತು.

ಈ ಮಂಜಿಗಳು ಹೋಗುವಾಗ ತುಂಬಿ, ಬರುವಾಗ ಹಗುರ. ಹೊರಡುವ ಮಂಜಿಯಲ್ಲಿ ಎರಡು ಖಾಲಿ ಇನ್ಸುಲೇಟೆಡ್ ಕಂಟೇನರ್ ಇಟ್ಟು, ಮರಳುವಾಗ ಐಸ್‌ನಲ್ಲಿಟ್ಟ ಟ್ಯೂನಾ, ಕೆಳಗೆ ಕೊಬ್ಬರಿ, ಮಾಸ್ಮಿನ್, ಸಕ್ಕರೆ ತುಂಬಿದರೆ ಬಾಡಿಗೆ ಅಗ್ಗವಾಗುತ್ತದೆ. ಚೆನ್ನಾಗಿ ಐಸ್ ಮಾಡಿದ ಸ್ಕಿಪ್‌ಜ್ಯಾಕ್‌ಗೆ ಒಂದೂವರೆ-ಎರಡು ದಿನದ ಓಟ ಕಷ್ಟವಲ್ಲ. ಇಲ್ಲಿ ಬೇಕಿರುವುದು ಹಳೇ ಬಂದರಿನಲ್ಲಿ ಲಕ್ಷದ್ವೀಪದ ಸರಕಿಗೆ ಬೇರೆ ಕಟ್ಟೆ, ಅಲ್ಲೇ ಒಂದು ಶೈತ್ಯಾಗಾರ, ಹಿಸ್ಟಮಿನ್ ಪರೀಕ್ಷೆಯ ಸಣ್ಣ ಪ್ರಯೋಗಾಲಯ. ಧಕ್ಕೆಯ ಹರಾಜಿನಲ್ಲಿ ಟ್ರಾಲರ್ ಮೀನಿನ ರಾಶಿಯ ಜೊತೆ ಸೇರಿಸಿ ಮಾರಿದರೆ ಕೋಲು-ಗಾಳದ ಮೀನಿಗೆ ಬೇರೆ ಬೆಲೆ ಯಾರೂ ಕೊಡುವುದಿಲ್ಲ. ಪೆಟ್ಟಿಗೆಗೊಂದು ಚೀಟಿ, ಅದರ ಮೇಲೆ ದೋಣಿ, ದ್ವೀಪ, ಹಿಡಿದ ಗಂಟೆ, ಐಸ್ ಸೇರಿದ ಗಂಟೆ ಇರಬೇಕು. ತಾಯಿ ಹಡಗು ಬರುವುದಾದರೂ ಇದೇ ಚೀಟಿ ಅದಕ್ಕೂ ಅನ್ವಯಿಸಬೇಕು. ಹಡಗಿನ ಒಡೆತನದಲ್ಲಿ ದ್ವೀಪದ ಸಹಕಾರ ಸಂಘಕ್ಕೆ ಪಾಲಿರಬೇಕು, ಕಡಲಲ್ಲಿ ತೂಗುವ ತಕ್ಕಡಿ ದೋಣಿಯವರಿಗೂ ಕಾಣುವಂತಿರಬೇಕು. ಸೆಪ್ಟೆಂಬರ್‌ನಲ್ಲಿ ಕಡಲು ತೆರೆಯುವ ಮೊದಲು, ಮಳೆಗಾಲದ ಮೂರು ತಿಂಗಳಲ್ಲೇ ಈ ಕರಾರುಗಳನ್ನು ಬರೆದುಕೊಳ್ಳಬೇಕು. ಮೀನು ಬರಲು ಶುರುವಾದ ಮೇಲೆ ಚೌಕಾಸಿಗೆ ಮೀನುಗಾರನ ಬಳಿ ಇರುವುದು ಅದೇ ಆರು ಗಂಟೆ.